ಆಕೃತಿ ಬರೆಯತೊಡಗುವವರಿಗೆ

ಮನುಷ್ಯನ ಚಿತ್ರ ಬರೆಯಹೊರಟ ಬಾಲಕನು ಮೊದಲು ಕಣ್ಣನ್ನೇ ಬರೆಯುವನು. ಕಡೆಗೆ ಪಾದಗಳಿಗೆ ಹಾಳೆಯಲ್ಲಿ ಎಡೆಯೇ ಉಳಿಯದು. ‘ನನಗೆ ಚಿತ್ರ ಬಾರದು’ ಎಂದು ಅಂದೇ ಕೈಬಿಟ್ಟವರನ್ನು ಬಲ್ಲೆ. ಅವರಿಗೆ ತಿಳಿಯದಿದ್ದುದು ಅಳತೆಯೊಂದೇ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಂತೆ ಮುಖದ ಉದ್ದ 12 ಅಂಗುಲ, ಎಂದರೆ ಒಂದು ತಾಲ. ಹಂಸನೆಂಬ ಪುರುಷನ ಎತ್ತರ 108 ಅಂಗುಲ. ಆದಕಾರಣ ಉಪಾಧ್ಯಾಯರು ಮೊದಲು ನಿಲುಗೆರೆಯೊಂದನ್ನು ಎಳೆಯಿಸಿ, ಅದನ್ನು ಒಂಬತ್ತು ಸಮಭಾಗ ಮಾಡಿಸಿ, ಪಾದದ ನೆಲೆಯನ್ನು ಗುರುತಿಸಿದ ಮೇಲೆಯೇ ಮುಖಕ್ಕೆ ಬರಲಿ. (ಶಿಶುವಿಗೆ ಈ ಲೆಕ್ಕ ಸಲ್ಲದು, ಮೈಯ ಪ್ರಮಾಣಕ್ಕೆ ಅದರ ತಲೆ ದೊಡ್ಡದು.)

ಬರಿಯ ಅಳತೆಯಿಂದ ಆಕೃತಿ ಕಂಬದಂತೆ ನಿಂತೀತು. ನೃತ್ಯವನ್ನರಿಯದೆ ಚಿತ್ರವನ್ನರಿಯಲಾಗದೆಂದು ಮಾರ್ಕಂಡೇಯನು ಅಲ್ಲಿಯೇ ವಜ್ರರಾಜನಿಗೆ ಹೇಳುತ್ತಾನೆ. ಒಂದೇ ಕಾಲಿನ ಮೇಲೆ ಭಾರವಿಟ್ಟು ನಿಂತವನನ್ನು ತೋರಿಸಿರಿ: ಆ ಕಡೆಯ ಸೊಂಟ ಮೇಲೇರಿ, ಹೆಗಲು ತಗ್ಗಿರುತ್ತದೆ. ಬೇಲೂರಿನ ಮದನಿಕೆಯರ ಸೊಬಗೆಲ್ಲ ಇಂಥ ಓರೆಯಲ್ಲಿದೆ. ಕಣ್ಣು ಕಡೆಗಿರಲಿ, ಶಿಲ್ಪಿಯೂ ವಿಗ್ರಹದ ಕಣ್ಣು ತೆರೆಯುವುದು ಉಳಿದ ಕೆಲಸವೆಲ್ಲ ಮುಗಿದ ಮೇಲೆ.