ಒಗಟು ಬಿಡಿಸಿ ದಾರಿ ಹಿಡಿಯಿರಿ: ಪುತ್ತೂರು, ಸುಳ್ಯ, ಕಡಬದಲ್ಲಿ ವಾರಾಂತ್ಯದ ನಿಧಿ ಹುಡುಕಾಟ

ಜಿಪಿಎಸ್ ಹಿಡಿದು ಆಡುವ ನಿಧಿ ಹುಡುಕಾಟವೇ ಜಿಯೋಕ್ಯಾಶಿಂಗ್. ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅದರ ಬೆನ್ನಿಗೇ ಡೇವ್ ಅಲ್ಮರ್ ಎಂಬವರು ಆರೆಗಾನ್‌ನಲ್ಲಿ ಒಂದು ಬಕೆಟ್ ಅಡಗಿಸಿ, ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದರು. ಆಟ ಶುರುವಾದದ್ದು ಹಾಗೆ. ಇದರಲ್ಲಿ ಒಗಟಿನ ಬಗೆಯೊಂದಿದೆ: ನಕ್ಷೆಯಲ್ಲಿ ಕಾಣುವ ಗುರುತಿನಲ್ಲಿ ಅಡಗಿಸಿದ ಡಬ್ಬಿ ಇರುವುದಿಲ್ಲ, ಒಗಟು ಬಿಡಿಸಿದವರಿಗಷ್ಟೇ ನಿಜವಾದ ಜಾಗ ತಿಳಿಯುತ್ತದೆ. ಎದುರುಕತೆ ಹೇಳಿ ಮಕ್ಕಳನ್ನು ಕೆಣಕುವ, ತಾಳಮದ್ದಳೆಯಲ್ಲಿ ಮಾತಿಗೆ ಮಾತು ಹೆಣೆಯುವ ಈ ಸೀಮೆಗೆ ಇದು ಹೇಳಿ ಮಾಡಿಸಿದ ಆಟ.

ಹೊರಡುವ ಮುನ್ನ

ಜಿಯೋಕ್ಯಾಶಿಂಗ್ ಆ್ಯಪ್‌ನ ನಕ್ಷೆಯಲ್ಲಿ ಹತ್ತಿರದ ಡಬ್ಬಿಗಳನ್ನು ನೋಡಿಕೊಳ್ಳಿ. ಸಿಗದಿದ್ದರೆ ಬೇಸರ ಬೇಡ. ತಂಡದ ಒಬ್ಬರು ಒಂದು ದಿನ ಮೊದಲೇ ಬಂದು ಒಗಟುಗಳನ್ನು ಹೂಡಲಿ, ಉಳಿದವರು ಬಿಡಿಸಲಿ. ಒಗಟು ಹೂಡುವವರು ಒಂದು ಮಾತು ನೆನಪಿಡಬೇಕು: ಉತ್ತರ ಫೋನಿನಲ್ಲಿ ಸಿಗಬಾರದು. ಕಣ್ಣಿಟ್ಟು ನೋಡಿದವರಿಗೆ, ಊರವರನ್ನು ಮಾತಾಡಿಸಿದವರಿಗೆ ಸಿಗಬೇಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಇಂಬಳ, ಜಾರುವ ಪಾದೆ, ತುಂಬಿದ ಹೊಳೆ ಎಲ್ಲವೂ ತೊಡಕು. ಬೆಂಗಳೂರಿನಿಂದ ಬರುವವರಿಗೆ ರೈಲು ಅನುಕೂಲ. ಕಬಕ ಪುತ್ತೂರು ಮತ್ತು ಕಡಬ ತಾಲ್ಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್, ಎರಡೂ ಒಂದೇ ಮಾರ್ಗದಲ್ಲಿವೆ.

ಅಂಕಿ ಅಡಗಿಸುವ ಬಗೆ

ಸಂಗೀತದವರು ಮೇಳಕರ್ತ ರಾಗಗಳ ಸಂಖ್ಯೆ ಗುರುತಿಸಲು ಬಳಸುವ ಕಟಪಯಾದಿ ಕ್ರಮ ಜಾಗದ ಅಂಕಿಗಳನ್ನು ಪದದೊಳಗೆ ಅಡಗಿಸಲು ಸೊಗಸಾಗಿ ಒದಗುತ್ತದೆ. ಕ, ಟ, ಪ, ಯ ಈ ನಾಲ್ಕಕ್ಕೂ 1. ಅಲ್ಲಿಂದ ಮುಂದಕ್ಕೆ ಎಣಿಸಿ, ಸಿಕ್ಕ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನವಷ್ಟೇ ಲೆಕ್ಕ. ‘ಕಡಬ’ದಲ್ಲಿ ಕ 1, ಡ 3, ಬ 3, ಉತ್ತರ 331. ‘ಪುತ್ತೂರು’ 261, ‘ಸುಳ್ಯ’ 17. ಇವನ್ನು ಅಕ್ಷಾಂಶದ ನಿಮಿಷದ ದಶಮಾಂಶಗಳಾಗಿ ಬಳಸಿ. ಸುಳ್ಯಕ್ಕೆ ಮುಂದೊಂದು ಸೊನ್ನೆ ಸೇರಿಸಿ 017 ಮಾಡಿಕೊಳ್ಳಿ. ಮೂರನೇ ದಶಮಾಂಶ ಒಂದು ಅಂಕಿ ತಪ್ಪಿದರೆ ವ್ಯತ್ಯಾಸ ಎರಡು ಮೀಟರಿನೊಳಗೆ. ಮೊದಲನೆಯದು ತಪ್ಪಿದರೆ ಸುಮಾರು 185 ಮೀಟರ್. ಆದ್ದರಿಂದ ತಾಳೆ ನೋಡಲು ಒಂದು ಸುಳಿವು ಕೊಡಿ, ಕಡಬಕ್ಕಾದರೆ ಹೀಗೆ: ‘7ರಿಂದ ಭಾಗಿಸಿದರೆ 2 ಉಳಿಯಬೇಕು.’ 331 ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ತಿರುಗಿಸಿ ಓದಿದ 133 ಸೋಲುತ್ತದೆ.

ಚೆನ್ನೆಮಣೆಯೂ ಒಳ್ಳೆಯ ಒಗಟು: 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಗೊತ್ತಿಲ್ಲದ ಪೇಟೆಯ ಮಕ್ಕಳು ಯಾರಾದರೂ ಅಜ್ಜಿಯನ್ನು ಕೇಳಲೇಬೇಕಾಗುತ್ತದೆ.

ಶನಿವಾರ: ಪುತ್ತೂರು, ಉಪ್ಪಿನಂಗಡಿ

ಪರ್ಲಡ್ಕದ ಬಾಲವನದಿಂದ ಆರಂಭಿಸಿ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಜಾಗವಿದು. ಅವರ ಮನೆಯ ಮುಂಭಾಗದ ಕಿಟಕಿಗಳನ್ನು ಎಣಿಸುವಂಥ ಪ್ರಶ್ನೆ ಸಾಕು. ಎಣಿಸುವ ನೆಪದಲ್ಲಿ ಎಲ್ಲರೂ ಅಲ್ಲಿ ನಿಧಾನವಾಗಿ ಓಡಾಡುತ್ತಾರೆ. ಗೋಳಿಬಜೆ, ಚಹಾ ಮುಗಿಸಿ ಉಪ್ಪಿನಂಗಡಿಗೆ ಹೋಗಿ. ನೇತ್ರಾವತಿ, ಕುಮಾರಧಾರಾ ಸೇರುವಲ್ಲಿ ಯಾವ ನೀರು ಯಾವ ಕಡೆಯಿಂದ ಬರುತ್ತದೆಂದು ದಡದಲ್ಲೇ ನಿಂತು ಹೇಳಬೇಕು. ಅದೇ ಮುಂದಿನ ದಿಕ್ಕಿನ ಸುಳಿವಾಗಲಿ. ರಾತ್ರಿ ಪುತ್ತೂರಿನಲ್ಲಿ ಉಳಿದುಕೊಳ್ಳಿ.

ಭಾನುವಾರ: ಸುಳ್ಯ ಅಥವಾ ಕಡಬ

ಇತಿಹಾಸ ಇಷ್ಟಪಡುವವರು ಬೆಳ್ಳಾರೆಗೆ ಹೋಗಲಿ. 1837ರ ಅಮರ ಸುಳ್ಯದ ದಂಗೆಯಲ್ಲಿ ರೈತರು ಬ್ರಿಟಿಷರ ಖಜಾನೆ ವಶಪಡಿಸಿಕೊಂಡದ್ದು ಅಲ್ಲಿ. ಬಳಿಕ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನ. ಹೊಳೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ ಏಕೆಂದು ಅಲ್ಲಿನವರಿಂದಲೇ ಕೇಳಿ ತಿಳಿಯುವುದು ಒಗಟಾಗಲಿ. ಮಕ್ಕಳಿದ್ದರೆ ಕಡಬ, ಸುಬ್ರಹ್ಮಣ್ಯದ ದಾರಿ ಹಗುರ. ಕುಮಾರಪರ್ವತವನ್ನು ಈ ಆಟಕ್ಕೆ ಸೇರಿಸಬೇಡಿ. ಅರಣ್ಯ ಇಲಾಖೆಯ ನಿಯಮ ಪಾಲಿಸಿ ಬೇರೆಯಾಗಿಯೇ ಹತ್ತಬೇಕಾದ ಬೆಟ್ಟವದು. ರೈಲು ಹಳಿಯ ಮೇಲೆ ನಡೆಯುವುದಂತೂ ಬೇಡವೇ ಬೇಡ.

ಅಡಗಿಸುವಾಗ ಎಚ್ಚರ

ನಾಗಬನ, ದೈವಸ್ಥಾನದ ಆವರಣ, ಕಾಯ್ದಿಟ್ಟ ಅರಣ್ಯ, ಬಸ್ ನಿಲ್ದಾಣ, ಇಲ್ಲೆಲ್ಲೂ ಡಬ್ಬಿ ಇಡಬೇಡಿ. ನೆಲ ಅಗೆಯಬೇಡಿ. ಅಡಿಕೆ ತೋಟ ಎಷ್ಟೇ ತೆರೆದಂತೆ ಕಂಡರೂ ಅದು ಒಬ್ಬರ ಬದುಕು. ಮನೆಗೆ ಹೋಗಿ ಕೇಳಿಯೇ ಒಳಗೆ ಕಾಲಿಡಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು, ಹಾಗಾಗಿ ಬಯಲು ಜಾಗವೇ ಮೇಲು. ಎಲ್ಲಕ್ಕಿಂತ ಸುಲಭದ ದಾರಿ: ಪರಿಚಯದ ಗೂಡಂಗಡಿಯಲ್ಲಿ ಡಬ್ಬಿ ಕೊಟ್ಟು, ‘ಅಣ್ಣ, ಸರಿಯಾದ ಉತ್ತರ ಹೇಳಿದವರಿಗೆ ಮಾತ್ರ ಕೊಡಿ’ ಎನ್ನಿ. ಡಬ್ಬಿ ಪಾರದರ್ಶಕವಾಗಿರಲಿ, ಮೇಲೆ ನಿಮ್ಮ ಹೆಸರು, ಫೋನ್ ಸಂಖ್ಯೆ ಇರಲಿ. ಒಳಗೆ ಸಹಿ ಹಾಕಲು ಪುಟ್ಟ ಪುಸ್ತಕ, ಪೆನ್ನು ಸಾಕು. ತಿಂಡಿ ಇಟ್ಟರೆ ಇರುವೆ, ಮಂಗಗಳ ಪಾಲು.

ಆಟ ಮುಗಿದ ಮೇಲೆ ನೀವಿಟ್ಟ ಎಲ್ಲ ಡಬ್ಬಿಗಳನ್ನೂ ಎಣಿಸಿ ವಾಪಸ್ ತನ್ನಿ. ಮುಂದಿನ ಸಲ ಒಗಟು ಹೂಡುವ ಕೆಲಸವನ್ನು ಈ ಊರುಗಳ ಮಕ್ಕಳಿಗೇ ಒಪ್ಪಿಸಿ. ಊರಿನ ಮೂಲೆಮೂಲೆ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.