ಗೋ-ಕಾರ್ಟ್, ಆಟೋ ಮತ್ತು ಒಂದು ದಿನದ ಬೆಂಗಳೂರು: ಅವಕಾಶ ವೆಚ್ಚದ ಪಾಠ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)



'ಅವಕಾಶ ವೆಚ್ಚ' ಎಂಬ ಪದ ಅರ್ಥಶಾಸ್ತ್ರದಲ್ಲಿ ನಮಗೆ ಬೇಗನೆ ಎದುರಾಗುತ್ತದೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಆಯ್ಕೆಗಳಲ್ಲಿ ಅತ್ಯುತ್ತಮವಾದುದರ ಮೌಲ್ಯವೇ ಅವಕಾಶ ವೆಚ್ಚ. ವ್ಯಾಖ್ಯಾನ ಎಲ್ಲರಿಗೂ ಬಾಯಿಪಾಠ. ಆದರೆ ಅದನ್ನು ರೂಪಾಯಿಯಲ್ಲಿ ಬರೆಯಿರಿ ಎಂದರೆ ಪೆನ್ನು ನಿಲ್ಲುತ್ತದೆ. ಈ ಲೇಖನದಲ್ಲಿ ಆ ಪದವನ್ನು ಒಂದು ದಿನದ ಸುತ್ತಾಟದ ಮೇಲೆ ಇಟ್ಟು ನೋಡೋಣ. ಪ್ರಶ್ನೆ ಇಷ್ಟೇ: ನಾಗರಬಾವಿಯಿಂದ ಬೆಳಿಗ್ಗೆ ಹೊರಟು, ಬೆಂಗಳೂರು ನೋಡಿ, ಸಂಜೆ ಮನೆ ಸೇರಲು ಯಾವ ವಾಹನ ಸರಿ? ಅದರ ನಿಜವಾದ ಬೆಲೆ ಎಷ್ಟು?

ಈ ಪ್ರಶ್ನೆಗೆ ನಮ್ಮ ಬಡಾವಣೆಯೇ ತಕ್ಕ ಜಾಗ. 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇಲ್ಲಿದೆ. 1987ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕಾನೂನು ಶಾಲೆಯೂ ಇಲ್ಲಿದೆ. ನಮ್ಮ ಪ್ರಶ್ನೆಯಲ್ಲಿ ಅರ್ಧ ಅರ್ಥಶಾಸ್ತ್ರ, ಅರ್ಧ ಕಾನೂನು. ಮೊದಲು ಕಾನೂನಿನ ಭಾಗ ಮುಗಿಸೋಣ.

1. ಗೋ-ಕಾರ್ಟ್‌ನಲ್ಲಿ ಊರು ಸುತ್ತಬಹುದೇ?

ಜಪಾನಿನ ಟೋಕಿಯೋ ನಗರದಲ್ಲಿ ಪ್ರವಾಸಿಗರು ಬಣ್ಣಬಣ್ಣದ ವೇಷ ಹಾಕಿಕೊಂಡು ಗೋ-ಕಾರ್ಟ್‌ನಲ್ಲಿ ಬಸ್ಸು, ಲಾರಿಗಳ ನಡುವೆ ಹೋಗುವ ವಿಡಿಯೋಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಲ್ಲಿ ಈ ಪುಟ್ಟ ಗಾಡಿಗಳು ರಸ್ತೆಗಿಳಿಯಲು ಕಾನೂನಿನ ಅವಕಾಶವಿದೆ. ಆದರೆ ಓಡಿಸುವವರ ಬಳಿ ಡ್ರೈವಿಂಗ್ ಲೈಸೆನ್ಸ್ ಇರಲೇಬೇಕು. ವಿದೇಶಿಯರಾದರೆ ಜಪಾನ್ ಒಪ್ಪುವ ಅಂತರರಾಷ್ಟ್ರೀಯ ಪರವಾನಗಿ ಬೇಕು.

ಈ ವ್ಯವಹಾರದಲ್ಲಿ ವಾಣಿಜ್ಯ ವಿದ್ಯಾರ್ಥಿಗಳಿಗೆ ಇನ್ನೊಂದು ಪಾಠವಿದೆ. ಟೋಕಿಯೋದ ಒಂದು ಬಾಡಿಗೆ ಕಂಪನಿ 'ಮಾರಿಕಾರ್' ಎಂಬ ಹೆಸರಿಟ್ಟುಕೊಂಡು, ಗಿರಾಕಿಗಳಿಗೆ ಮಾರಿಯೋ ಪಾತ್ರದ ವೇಷವನ್ನೂ ಕೊಡುತ್ತಿತ್ತು. 1992ರಿಂದ 'ಮಾರಿಯೋ ಕಾರ್ಟ್' ಸರಣಿಯ ಆಟಗಳನ್ನು ತಯಾರಿಸುತ್ತಿರುವ ನಿಂಟೆಂಡೋ ಕಂಪನಿ 2017ರಲ್ಲಿ ದಾವೆ ಹೂಡಿತು. 2018ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ 1 ಕೋಟಿ ಯೆನ್ ಪರಿಹಾರ ಕೊಡುವಂತೆ ಆದೇಶಿಸಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು 5 ಕೋಟಿ ಯೆನ್‌ಗೆ ಏರಿಸಿತು. ವ್ಯವಹಾರ ಅಧ್ಯಯನದಲ್ಲಿ ನಾವು ಓದುವ ಬ್ರಾಂಡ್ ಎಂಬುದು ಬರೀ ಹೆಸರಲ್ಲ, ಅದೂ ಒಂದು ಆಸ್ತಿ. ಬೇರೆಯವರ ಆಸ್ತಿಯ ಮೇಲೆ ನಮ್ಮ ಅಂಗಡಿ ಕಟ್ಟಿದರೆ ಬಾಡಿಗೆ ಕೊನೆಯಲ್ಲಿ ಕೊಡಬೇಕಾಗುತ್ತದೆ.

ನಮ್ಮಲ್ಲಿ ಇದು ಸಾಧ್ಯವೇ? ಇಲ್ಲ. ಮೋಟಾರು ವಾಹನಗಳ ಕಾಯಿದೆ, 1988ರ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಓಡುವ ಮೋಟಾರು ವಾಹನಕ್ಕೆ ಮೂರು ಸಂಗತಿ ಬೇಕು: ನೋಂದಣಿ (ಸೆಕ್ಷನ್ 39), ಓಡಿಸುವವರಿಗೆ ಲೈಸೆನ್ಸ್ (ಸೆಕ್ಷನ್ 3), ಮೂರನೆಯವರ ವಿಮೆ (ಸೆಕ್ಷನ್ 146). ಆವರಣದೊಳಗೆ ಮಾತ್ರ ಓಡಿಸಲು ಮಾಡಿದ ವಿಶೇಷ ವಾಹನವನ್ನು ಕಾಯಿದೆಯ ಸೆಕ್ಷನ್ 2(28) 'ಮೋಟಾರು ವಾಹನ' ಎಂದು ಲೆಕ್ಕಿಸುವುದಿಲ್ಲ. ಆದ್ದರಿಂದಲೇ ಗೋ-ಕಾರ್ಟ್ ಟ್ರ್ಯಾಕ್‌ಗಳಲ್ಲಿ ನಂಬರ್ ಪ್ಲೇಟ್ ಇಲ್ಲದ ಗಾಡಿ ಓಡುತ್ತದೆ. ಅದೇ ಗಾಡಿ ಗೇಟು ದಾಟಿ ರಿಂಗ್ ರಸ್ತೆಗೆ ಬಂದರೆ ಅಪರಾಧ.

ನಮ್ಮ ವಯಸ್ಸಿನವರು ಗಮನಿಸಬೇಕಾದ ಇನ್ನೊಂದು ಸೆಕ್ಷನ್ 199ಎ. 2019ರ ತಿದ್ದುಪಡಿಯಲ್ಲಿ ಸೇರಿದ್ದು. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು ₹25,000 ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಗೆಳೆಯನ ಸ್ಕೂಟರಿನಲ್ಲಿ 'ಒಂದು ರೌಂಡ್' ಹೋಗುವುದರ ಅವಕಾಶ ವೆಚ್ಚ ಏಳೆಂಟು ವರ್ಷದ ಲೈಸೆನ್ಸ್ ಆಗಬಹುದು!

2. ನಮ್ಮ ಊರಿನ ಗೋ-ಕಾರ್ಟ್

ಗೋ-ಕಾರ್ಟ್ ಇಲ್ಲದಿದ್ದರೇನು, ಬಾಗಿಲಿಲ್ಲದ, ಗಾಳಿ ಮುಖಕ್ಕೆ ಬಡಿಯುವ, ಎಲ್ಲಿ ಬೇಕಾದರೂ ನುಗ್ಗುವ ಪುಟ್ಟ ಗಾಡಿ ನಮ್ಮಲ್ಲೂ ಇದೆ. ಅದೇ ಆಟೋ. ವ್ಯತ್ಯಾಸವೆಂದರೆ ಇದನ್ನು ಓಡಿಸುವವರು ಬೇರೆ, ಕೂರುವವರು ಬೇರೆ. ನಮ್ಮ ಮನೆಯ ಉರ್ದುವಿನಲ್ಲಿ 'ಸವಾರಿ' ಎಂದರೆ ಪ್ರಯಾಣವೂ ಹೌದು, ಪ್ರಯಾಣಿಕರೂ ಹೌದು. ಆಟೋ ಓಡಿಸುವ ನನ್ನ ಮಾಮು 'ಇವತ್ತು ಸವಾರಿ ಕಡಿಮೆ' ಎಂದರೆ ಸಂಪಾದನೆ ಕಡಿಮೆ ಎಂದೇ ಅರ್ಥ.

ಒಂದು ದಿನದ ಸುತ್ತನ್ನು ಹೀಗಿಟ್ಟುಕೊಳ್ಳೋಣ. ಪ್ರಯಾಣಿಕರು ಮೂವರು.

ನಾಗರಬಾವಿಯಿಂದ ಕೃಷ್ಣರಾಜ ಮಾರುಕಟ್ಟೆ ಬಳಿಯ ಟಿಪ್ಪು ಸುಲ್ತಾನ್ ಬೇಸಿಗೆ ಅರಮನೆ, ಸುಮಾರು 9 ಕಿ.ಮೀ. ಹೈದರಲಿ 1781ರಲ್ಲಿ ಶುರು ಮಾಡಿಸಿ, ಟಿಪ್ಪು 1791ರಲ್ಲಿ ಮುಗಿಸಿದ ಮರದ ಕಂಬಗಳ ಅರಮನೆ ಇದು.

ಅಲ್ಲಿಂದ ಲಾಲ್‌ಬಾಗ್, ಸುಮಾರು 3 ಕಿ.ಮೀ. ತೋಟ ಹೈದರಲಿಯ ಕಾಲದ್ದು, 1760ರದು. ಗಾಜಿನ ಮನೆ 1889ರದು.

ಅಲ್ಲಿಂದ ವಿಧಾನಸೌಧ ಮತ್ತು ಕಬ್ಬನ್ ಪಾರ್ಕ್, ಸುಮಾರು 5 ಕಿ.ಮೀ. ಕೆಂಗಲ್ ಹನುಮಂತಯ್ಯನವರ ಕನಸಾದ ವಿಧಾನಸೌಧ 1956ರಲ್ಲಿ ಪೂರ್ಣವಾಯಿತು.

ಅಲ್ಲಿಂದ ನಾಗರಬಾವಿಗೆ ವಾಪಸ್, ಸುಮಾರು 12 ಕಿ.ಮೀ.

ಒಟ್ಟು 29 ಕಿ.ಮೀ. ನೋಡಲು, ತಿನ್ನಲು, ಕೂರಲು ಐದು ಗಂಟೆ ಎಂದಿಟ್ಟುಕೊಳ್ಳಿ.

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಆಟೋ ದರ ಹೀಗಿದೆ: ಮೊದಲ 2 ಕಿ.ಮೀ.ಗೆ ₹36, ಆಮೇಲೆ ಪ್ರತಿ ಕಿ.ಮೀ.ಗೆ ₹18. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ ₹10. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು.

ಇಲ್ಲೊಂದು ಸಣ್ಣ ಗಣಿತ ಗಮನಿಸಿ. 36ನ್ನು 2ರಿಂದ ಭಾಗಿಸಿದರೆ 18. ಅಂದರೆ 2 ಕಿ.ಮೀ. ದಾಟಿದ ಮೇಲೆ ಪೂರ್ತಿ ದಾರಿಗೂ ಒಂದೇ ದರ. ಆದ್ದರಿಂದ ಒಂದೇ ಆಟೋದಲ್ಲಿ 29 ಕಿ.ಮೀ. ಹೋದರೂ, ನಾಲ್ಕು ಬೇರೆ ಆಟೋಗಳಲ್ಲಿ 9, 3, 5, 12 ಕಿ.ಮೀ. ಹೋದರೂ ಮೀಟರ್ ಹಣ ಒಂದೇ.

162 + 54 + 90 + 216 = ₹522.

ಒಂದೇ ಆಟೋವನ್ನು ದಿನವಿಡೀ ನಿಲ್ಲಿಸಿಕೊಂಡರೆ ಐದು ಗಂಟೆ ಕಾಯುವುದಕ್ಕೆ ಸುಮಾರು ₹200 ಸೇರುತ್ತದೆ. ಒಟ್ಟು ಸುಮಾರು ₹722.

3. ಜಗಳ ಹುಟ್ಟುವ ಜಾಗ

ಒಮ್ಮೆ ಹೊರ ಊರಿನ ಒಂದು ಕುಟುಂಬ ಮಾಮುವನ್ನು ಇಂಥದೇ ಸುತ್ತಿಗೆ ಕರೆದಿತ್ತು. 'ಮೀಟರ್ ಹಾಕಿ, ಕಾಯುವ ಹಣವನ್ನೂ ಕೊಡುತ್ತೇವೆ, ಸಂಜೆವರೆಗೆ ನಮ್ಮ ಜೊತೆ ಇರಿ' ಎಂದರಂತೆ. ಮಾಮು ಒಪ್ಪಲಿಲ್ಲ. 'ಬೆಂಗಳೂರಿನ ಆಟೋದವರೆಲ್ಲ ಹೀಗೇ, ದುರಾಸೆ' ಎಂದು ಅವರು ಹೊರಟುಹೋದರು. ರಾತ್ರಿ ಊಟದ ಹೊತ್ತಿಗೆ ಮಾಮು ನನಗೆ ಹೇಳಿದ್ದು ಇಷ್ಟೇ: 'ಅವರು ಹೇಳಿದ್ದೂ ಸುಳ್ಳಲ್ಲ ಬೇಟಾ, ನಾನು ಹೇಳಿದ್ದೂ ಸುಳ್ಳಲ್ಲ. ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕಿ ನೋಡು.'

ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಚಾಲಕರಿಂದ ಚಾಲಕರಿಗೆ ಇವು ಬದಲಾಗುತ್ತವೆ.

ಸ್ಥಿರ ವೆಚ್ಚ: ಗಾಡಿ ಸ್ವಂತದ್ದಲ್ಲ, ಮಾಲೀಕರಿಗೆ ದಿನಕ್ಕೆ ₹400 ಬಾಡಿಗೆ. ಗಾಡಿ ಓಡಿದರೂ ಓಡದಿದ್ದರೂ ಇದನ್ನು ಕೊಡಲೇಬೇಕು.

ಬದಲಾಗುವ ವೆಚ್ಚ: ಗ್ಯಾಸ್ ಕಿ.ಮೀ.ಗೆ ₹3. ಓಡಿದಷ್ಟು ಮಾತ್ರ ಖರ್ಚು.

ಮಾಮೂಲಿ ದಿನ: ಒಟ್ಟು 100 ಕಿ.ಮೀ. ಓಟ. ಅದರಲ್ಲಿ 70 ಕಿ.ಮೀ. ಪ್ರಯಾಣಿಕರೊಂದಿಗೆ, 30 ಕಿ.ಮೀ. ಖಾಲಿ.

ಮಾಮೂಲಿ ದಿನದ ಆದಾಯ 70 × 18 = ₹1,260. ಗ್ಯಾಸ್ ₹300, ಬಾಡಿಗೆ ₹400 ಕಳೆದರೆ ಮನೆಗೆ ಬರುವುದು ₹560.

ಕಾಯುವ ದಿನದ ಆದಾಯ ₹722. ಗ್ಯಾಸ್ 29 × 3 = ₹87, ಬಾಡಿಗೆ ₹400 ಕಳೆದರೆ ಮನೆಗೆ ಬರುವುದು ₹235.

ವ್ಯತ್ಯಾಸ ₹325. ಪ್ರಯಾಣಿಕರಿಗೆ ಕಾಣದ, ಯಾವ ರಸೀದಿಯಲ್ಲೂ ಬರೆಯದ ಹಣ ಇದು. ಚಾಲಕರು ಮೀಟರ್ ಹಣಕ್ಕೆ ದಿನವಿಡೀ ಕಾದರೆ ₹560 ಬಿಟ್ಟು ₹235 ಆರಿಸಿಕೊಂಡಂತೆ. ಆ ₹235ಕ್ಕೆ ಅವರು ತೆರುವ ಅವಕಾಶ ವೆಚ್ಚ ₹560. ಇನ್ನೊಂದು ರೀತಿ ಹೇಳುವುದಾದರೆ, ಕಾಯುವ ಗಂಟೆಗೆ ಮೀಟರ್ ಕೊಡುವುದು ₹40. ಅದೇ ಗಂಟೆಯಲ್ಲಿ 10 ಕಿ.ಮೀ. ಸವಾರಿ ಸಿಕ್ಕರೆ ₹180. ನಿಂತ ಗಾಡಿಗೂ ಓಡುವ ಗಾಡಿಗೂ ಇಷ್ಟು ಅಂತರ.

ಹಾಗಾದರೆ ಚಾಲಕರಿಗೆ ನಷ್ಟವಾಗದ ದಿನದ ದರ 722 + 325 = ₹1,047. ಇದಕ್ಕೆ ಹತ್ತಿರದ ಮೊತ್ತ ಕೇಳಿದರೆ ಅದು ದುರಾಸೆಯಲ್ಲ. ಅದರ ಎರಡು ಪಟ್ಟು ಕೇಳಿದರೆ ಅವಕಾಶ ವೆಚ್ಚದ ಹೆಸರು ಹೇಳಲಾಗದು.

ಆದರೆ ಪಾಠ ಇಲ್ಲಿಗೆ ಮುಗಿಯುವುದಿಲ್ಲ. ಕಾನೂನಿನ ಪ್ರಕಾರ ಮೀಟರ್ ದರವೇ ದರ. ಮಾಮು ನನ್ನವರು ಎಂದು ಕಾನೂನು ಬದಲಾಗುವುದಿಲ್ಲ. ಹಾಗಿದ್ದರೆ ಪ್ರಯಾಣಿಕರಿಗೆ ಹೊರೆಯಾಗದೆ, ಚಾಲಕರಿಗೆ ನಷ್ಟವಾಗದೆ, ಕಾನೂನೂ ಮುರಿಯದೆ ಇರುವ ದಾರಿ ಇದೆಯೇ? ಇದೆ. ಪ್ರತಿ ಜಾಗದಲ್ಲೂ ಆಟೋವನ್ನು ಬಿಟ್ಟುಬಿಡಿ. ಹೊರಡುವಾಗ ಬೇರೆ ಆಟೋ ಹಿಡಿಯಿರಿ. ಮೇಲೆ ನೋಡಿದಂತೆ ಮೀಟರ್ ಹಣ ₹522 ಅಷ್ಟೇ, ಒಬ್ಬರಿಗೆ ₹174. ಕಾಯುವ ₹200 ಉಳಿಯಿತು. ಚಾಲಕರೂ ಬೇರೆ ಸವಾರಿ ಹಿಡಿಯಲು ಸ್ವತಂತ್ರರು. ಕಾಯುವುದನ್ನು ತೆಗೆದುಹಾಕಿದ ಕೂಡಲೇ ಜಗಳದ ಕಾರಣವೂ ಹೋಯಿತು.

4. ಬಸ್ಸು ಮತ್ತು ಮೆಟ್ರೋ

ವೆಚ್ಚದ ಇನ್ನೊಂದು ರೂಪವನ್ನು ಬಿಎಂಟಿಸಿ ದಿನದ ಪಾಸ್ ತೋರಿಸುತ್ತದೆ. 1997ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದಿಂದ ಬೇರೆಯಾದ ಈ ಸಂಸ್ಥೆಯ ಸಾಮಾನ್ಯ ಬಸ್ಸಿನ ದಿನದ ಪಾಸ್ 2025ರ ಜನವರಿಯ ದರ ಏರಿಕೆಯಲ್ಲಿ ₹70ರಿಂದ ₹80 ಆಯಿತು. ಪಾಸ್ ಕೊಂಡ ಮೇಲೆ ಅಂದಿನ ಪ್ರತಿ ಹೆಚ್ಚುವರಿ ಪ್ರಯಾಣದ ಸೀಮಾಂತ ವೆಚ್ಚ ಸೊನ್ನೆ. ನಾಲ್ಕು ಬಸ್ ಹತ್ತಿದರೆ ಸರಾಸರಿ ₹20, ಎಂಟು ಹತ್ತಿದರೆ ₹10. ಸ್ಥಿರ ವೆಚ್ಚ ಹೆಚ್ಚು ಘಟಕಗಳ ಮೇಲೆ ಹರಡಿದಷ್ಟೂ ಸರಾಸರಿ ಇಳಿಯುತ್ತದೆ ಎಂಬ ರೇಖಾಚಿತ್ರ ಇದೇ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ. ನನ್ನಂಥವರಿಗೆ ಈ ಸುತ್ತಿನ ಬಸ್ ಖರ್ಚು ₹0. ಹೈದರಾಬಾದಿನಿಂದ ಬಂದ ನಮ್ಮ ಖಾಲಾಗೆ ₹80. ಆದರೆ ಟಿಕೆಟ್ ಸೊನ್ನೆ ಎಂದರೆ ವೆಚ್ಚ ಸೊನ್ನೆ ಎಂದಲ್ಲ. ಆ ಹಣವನ್ನು ಸರ್ಕಾರ ಭರಿಸುತ್ತದೆ. ಮೇಲಾಗಿ ಬಸ್ಸಿಗೆ ಕಾಯುವ ಸಮಯ ನಮ್ಮದು. ರಜೆಯ ದಿನ ಆ ಸಮಯ ಅಗ್ಗ. ಪರೀಕ್ಷೆಯ ಹಿಂದಿನ ದಿನ ದುಬಾರಿ. ಬಸ್ಸು ಅದೇ, ನಿಲ್ದಾಣ ಅದೇ, ಅವಕಾಶ ವೆಚ್ಚ ಮಾತ್ರ ಬೇರೆ.

ಸಮಯ ಉಳಿಸಬೇಕೆಂದರೆ ಮೆಟ್ರೋ. ನಮಗೆ ಹತ್ತಿರದ ಅತ್ತಿಗುಪ್ಪೆ ಅಥವಾ ವಿಜಯನಗರದಲ್ಲಿ ನೇರಳೆ ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಕೃಷ್ಣರಾಜ ಮಾರುಕಟ್ಟೆ ಮತ್ತು ಲಾಲ್‌ಬಾಗ್ ಎರಡರ ಹೆಸರಿನಲ್ಲೂ ನಿಲ್ದಾಣವಿದೆ. ಮತ್ತೆ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗ ಹಿಡಿದರೆ ವಿಧಾನಸೌಧ ನಿಲ್ದಾಣ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಕನಿಷ್ಠ ₹10, ಗರಿಷ್ಠ ₹90 ಆಯಿತು. ಮೆಟ್ರೋದಲ್ಲಿ ತಲೆಗೊಂದು ಟಿಕೆಟ್, ಆಟೋದಲ್ಲಿ ಗಾಡಿಗೊಂದು ದರ. ಆದ್ದರಿಂದ ಒಬ್ಬರೇ ಹೋಗುವುದಾದರೆ ಆಟೋ ದುಬಾರಿ. ಮೂವರು ಹತ್ತಿರದ ಜಾಗಕ್ಕೆ ಹೋಗುವುದಾದರೆ ಆಟೋ ಸ್ಪರ್ಧೆಗೆ ನಿಲ್ಲುತ್ತದೆ. ಲಾಲ್‌ಬಾಗಿಗೆ ಹೋಗುವ ₹54ನ್ನು ಮೂವರಿಗೆ ಹಂಚಿದರೆ ತಲಾ ₹18!

5. ದಿನಕ್ಕೆ ₹25 ಅಥವಾ ಸವಾರಿಗೆ ₹3.50

ಸ್ಥಿರ ಮತ್ತು ಬದಲಾಗುವ ವೆಚ್ಚದ ಇನ್ನೊಂದು ಉದಾಹರಣೆ ಚಾಲಕರ ಮೊಬೈಲಿನಲ್ಲೇ ಇದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ 'ನಮ್ಮ ಯಾತ್ರಿ' ಆ್ಯಪ್ ಪ್ರತಿ ಬಾಡಿಗೆಯಲ್ಲೂ ಶೇಕಡಾವಾರು ಕಮಿಷನ್ ಹಿಡಿಯುವ ಪದ್ಧತಿ ಬಿಟ್ಟಿತು. 2023ರಲ್ಲಿ ಶುಲ್ಕ ತಂದಾಗ ಚಾಲಕರಿಗೆ ಎರಡು ಆಯ್ಕೆ ಕೊಟ್ಟಿತು: ದಿನಕ್ಕೆ ₹25, ಅಥವಾ ಸವಾರಿಗೆ ₹3.50. ಏಳು ಸವಾರಿಗೆ 7 × 3.50 = ₹24.50, ಎಂಟಕ್ಕೆ ₹28. ಅಂದರೆ ಏಳರವರೆಗೆ ಎರಡನೆಯದು ಲಾಭ, ಎಂಟರಿಂದ ಮೊದಲನೆಯದು. ಈ ಪುಟ್ಟ ಲೆಕ್ಕ ಮಾಡಲು ಪದವಿ ಬೇಕಿಲ್ಲ. ಸ್ಟ್ಯಾಂಡಿನಲ್ಲಿ ನಿಂತ ಚಾಲಕರು ದಿನವೂ ಇದನ್ನು ಬಾಯಲ್ಲೇ ಮಾಡುತ್ತಾರೆ.

ನೆನಪಿಡಬೇಕಾದದ್ದು

ಕೊಟ್ಟ ಹಣ ಮಾತ್ರ ವೆಚ್ಚವಲ್ಲ, ಬಿಟ್ಟುಕೊಟ್ಟದ್ದೂ ವೆಚ್ಚ. ನಮ್ಮ ವೆಚ್ಚ ನಮಗೆ ಕಾಣುತ್ತದೆ, ಎದುರಿನವರದ್ದು ಕಾಣುವುದಿಲ್ಲ. ಅಂಗಡಿಯವರಾಗಲಿ, ಆಟೋದವರಾಗಲಿ, ಮನೆಗೆಲಸದವರಾಗಲಿ, 'ದುರಾಸೆ' ಎನ್ನುವ ಮುನ್ನ ಅವರ ಕಡೆಯ ಲೆಕ್ಕವನ್ನೂ ಒಂದು ಕಾಗದದಲ್ಲಿ ಬರೆದು ನೋಡಬೇಕು. ಬರೆದ ಮೇಲೂ ಹೆಚ್ಚೆನಿಸಿದರೆ ಆಗ ಧೈರ್ಯವಾಗಿ ಚೌಕಾಶಿ ಮಾಡಬಹುದು.

ಅಭ್ಯಾಸಕ್ಕೆ

1. ಮೇಲಿನ ಉದಾಹರಣೆಯಲ್ಲಿ ಗಾಡಿಯ ಬಾಡಿಗೆ ದಿನಕ್ಕೆ ₹500 ಆದರೆ ಮಾಮೂಲಿ ದಿನ ಮತ್ತು ಕಾಯುವ ದಿನದ ಉಳಿತಾಯ ಎಷ್ಟು? ಎರಡರ ವ್ಯತ್ಯಾಸ ಬದಲಾಗುತ್ತದೆಯೇ? ಏಕೆ?

2. ಖಾಲಿ ಓಟ 30 ಕಿ.ಮೀ.ನಿಂದ 50 ಕಿ.ಮೀ.ಗೆ ಏರಿ, ಪ್ರಯಾಣಿಕರಿರುವ ಓಟ 50 ಕಿ.ಮೀ.ಗೆ ಇಳಿದರೆ ಚಾಲಕರು ₹722ಕ್ಕೆ ದಿನವಿಡೀ ಕಾಯಲು ಒಪ್ಪುವರೇ? ಲೆಕ್ಕ ಸಹಿತ ಉತ್ತರಿಸಿ.

3. ನೀವು ದಿನವೂ ಕಾಲೇಜಿಗೆ ಬರುವ ವಾಹನದ ಹಣದ ವೆಚ್ಚ ಮತ್ತು ಸಮಯದ ವೆಚ್ಚ ಬರೆಯಿರಿ. ಆ ಸಮಯದಲ್ಲಿ ನೀವು ಬಿಟ್ಟುಕೊಡುತ್ತಿರುವ ಅತ್ಯುತ್ತಮ ಕೆಲಸ ಯಾವುದು?

ಉತ್ತರಗಳನ್ನು ತರಗತಿಯಲ್ಲಿ ಚರ್ಚಿಸೋಣ. ಮೊದಲ ಪ್ರಶ್ನೆಗೆ ಒಂದು ಸುಳಿವು: ಎರಡೂ ಆಯ್ಕೆಯಲ್ಲಿ ಸಮಾನವಾಗಿರುವ ವೆಚ್ಚ ನಿರ್ಧಾರವನ್ನು ಬದಲಿಸುವುದಿಲ್ಲ.