ಗಾಯ ಕಾಣದ ಗಾಯಾಳುಗಳು

ಕಾಲು ಮುರಿದವನನ್ನು ಓಡೆಂದು ನಾವು ಗದರಿಸುವುದಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದವನ ವಿಷಯದಲ್ಲಾದರೋ ಈ ವಿವೇಕ ನಮಗೆ ಬಂದುದು ಬಹು ತಡವಾಗಿ.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಿಂದ ಆಸ್ಪತ್ರೆಗೆ ಬಂದ ಎಷ್ಟೋ ಬ್ರಿಟಿಷ್ ಸೈನಿಕರ ಮೈಮೇಲೆ ಗಾಯವೇ ಇರಲಿಲ್ಲ. ಆದರೂ ಒಬ್ಬನಿಗೆ ಕಣ್ಣು ಕಾಣದು, ಇನ್ನೊಬ್ಬನಿಗೆ ಮಾತು ಹೊರಡದು, ಮತ್ತೊಬ್ಬನ ನಡುಕ ನಿಲ್ಲದು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು 'ಷೆಲ್ ಷಾಕ್' ಎಂಬ ಹೆಸರಿನಿಂದ ವರ್ಣಿಸಿದರು. ಗುಂಡಿನ ಸ್ಫೋಟವೇ ನರಮಂಡಲವನ್ನು ಅಲುಗಿಸಿರಬೇಕೆಂದು ಮೊದಲು ಊಹಿಸಲಾಗಿತ್ತು. ಆದರೆ ಸ್ಫೋಟದ ಸಮೀಪದಲ್ಲಿರದವರಲ್ಲಿಯೂ ಅವೇ ಲಕ್ಷಣಗಳು! ಪೆಟ್ಟು ಬಿದ್ದುದು ಮನಸ್ಸಿಗೆ.

ಅದು ಹೇಗೆಂಬುದನ್ನು ಇಂದು ನಾವು ಸ್ವಲ್ಪಮಟ್ಟಿಗೆ ಬಲ್ಲೆವು. ನಮ್ಮ ಮೆದುಳಿನೊಳಗೆ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯವನ್ನರಿತು ಮೈಯನ್ನು ಎಚ್ಚರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಆಘಾತಕ್ಕೊಳಗಾದ ಕೆಲವರಲ್ಲಿ, ಅಪಾಯ ಕಳೆದು ವರ್ಷಗಳಾದರೂ ಈ ಕಾವಲು ಸಡಿಲುವುದಿಲ್ಲ. ಬಾಗಿಲು ಬಡಿದ ಸದ್ದಿಗೇ ಎದೆ ಡವಗುಟ್ಟುತ್ತದೆ, ಬೆವರೊಡೆಯುತ್ತದೆ. ಕನಸಿನಲ್ಲಿ ಯುದ್ಧವು ಮತ್ತೆ ಮತ್ತೆ ನಡೆಯುತ್ತದೆ. (ಯುದ್ಧವೇ ಆಗಬೇಕೆಂದಿಲ್ಲ, ಭೂಕಂಪ, ಅಪಘಾತ, ಮನೆಯೊಳಗಿನ ಹಿಂಸೆಯೂ ಸಾಕು.)

"ಮರೆತುಬಿಡು" ಎಂಬುದು ನಮ್ಮೆಲ್ಲರ ಸುಲಭದ ಉಪದೇಶ. ಅದೇ ಯುದ್ಧಕಾಲದಲ್ಲಿ, ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯ ವೈದ್ಯರಾದ ರಿವರ್ಸ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು: ನೆನಪನ್ನು ಅದುಮಿಡದೆ ಮಾತಿಗೆ ತರುವಂತೆ ರೋಗಿಗಳನ್ನು ಪ್ರೇರಿಸಿದರು. ಇಂದಿನ ಕೆಲವು ಚಿಕಿತ್ಸಾಕ್ರಮಗಳೂ ಇದೇ ಜಾಡಿನವು.

ಆ ಯುದ್ಧದಲ್ಲಿ ಹೇಡಿತನ, ಪಲಾಯನ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೇನೆಯೇ ಗುಂಡಿಕ್ಕಿ ಕೊಂದಿದ್ದ 306 ಸೈನಿಕರಿಗೆ ಕ್ಷಮಾದಾನ ದೊರೆತುದು 2006ರಲ್ಲಿ. ಅವರಲ್ಲಿ ಕೆಲವರು ಅದಕ್ಕೆ ಮೊದಲೇ ಷೆಲ್ ಷಾಕ್‌ಗಾಗಿ ಚಿಕಿತ್ಸೆ ಪಡೆದಿದ್ದವರು.